ಬೀಜ ನಮ್ಮದು, ತಾಯಿಗಿಡ ಯಾರದು?



ಮಳೆ ಹಿಂದೆ ಸರಿದು ದಸರಾ ಕಳೆಯುವ ಹೊತ್ತಿಗೆ ಡೊಂಬಿವಲಿ, ಕಲ್ಯಾಣದ ಯಾವುದೇ ಸೊಸೈಟಿಯ ಗ್ಯಾಲರಿಗಳನ್ನು ಕತ್ತೆತ್ತಿ ನೋಡಿ. ತುಳಸಿ, ದೊಡ್ಡಪತ್ರೆ, ಕರಿಬೇವಿನ ನಡುವೆ ಹಳೆಯ ಪೇಂಟ್ ಡಬ್ಬಿಯೊಳಗೆ ಒಂದು ಟೊಮೆಟೊ ಗಿಡ ಕಾಣಸಿಗುತ್ತದೆ. ಎಷ್ಟೋ ಸಲ ಅದನ್ನು ಯಾರೂ ನೆಟ್ಟಿರುವುದಿಲ್ಲ. ಸಾರಿಗೆ ಹೆಚ್ಚಿದ ಹಣ್ಣಿನ ಬೀಜ ತೊಳೆದ ನೀರಿನ ಜೊತೆ ಕುಂಡಕ್ಕೆ ಬಿದ್ದು, ತಾನಾಗಿಯೇ ಹುಟ್ಟಿಕೊಂಡದ್ದು. ಅದು ಹಣ್ಣು ಬಿಟ್ಟಾಗ ಮನೆಯವರಿಗೆ ಆಶ್ಚರ್ಯ. ವಾಶಿ ಮಾರ್ಕೆಟ್ಟಿನಿಂದ ಬಂದ ಹಣ್ಣು ಮೊಟ್ಟೆಯಾಕಾರದ್ದು, ಗಟ್ಟಿ ಸಿಪ್ಪೆಯದು. ಈ ಗಿಡದ್ದು ಗುಂಡಗೆ, ಮೆತ್ತಗೆ, ಹುಳಿಯೂ ಜಾಸ್ತಿ! ಪಕ್ಕದ ಡಬ್ಬಿಯದ್ದು ಇನ್ನೊಂದು ಬಗೆ. “ಬೀಜ ಕೆಟ್ಟಿದೆ” ಎಂದು ಕಿತ್ತೆಸೆಯುವವರೇ ಹೆಚ್ಚು.

ದಯವಿಟ್ಟು ಕೀಳಬೇಡಿ. ಆ ಡಬ್ಬಿಯಲ್ಲಿ ಐವತ್ತು ವರ್ಷಗಳ ಇತಿಹಾಸವೇ ಮೊಳೆತಿದೆ. ಅದರಲ್ಲಿ ದೊಡ್ಡ ಪಾಲು ನಮ್ಮ ಕರ್ನಾಟಕದ್ದು.

ಮೊದಲಿನಿಂದ ಬರೋಣ. ನಮ್ಮ ಅಡುಗೆಮನೆಗೆ ಟೊಮೆಟೊ ಹೊಸ ಸೊಸೆ. ಅದರ ಕಾಡಿನ ಬಂಧುಗಳು ಇರುವುದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಸೀಮೆಯಲ್ಲಿ. 16ನೇ ಶತಮಾನದಲ್ಲಿ ಮೆಕ್ಸಿಕೋದಿಂದ ಯುರೋಪಿಗೆ ಹೋಯಿತು, ಆಮೇಲೆ ಯುರೋಪಿನವರ ಹಡಗುಗಳಲ್ಲಿ ನಮ್ಮ ಕಡೆಗೂ ಬಂತು. ಹೆಸರು ಗೊತ್ತಿಲ್ಲದ ಈ ಹಣ್ಣನ್ನು ನಮ್ಮ ಹಿರಿಯರು ‘ಚಪ್ಪರಬದನೆ’ ಎಂದು ಕರೆದರು. ಬಂಗಾಳದವರು ‘ವಿಲಾಯಿತಿ ಬದನೆ’ ಎಂದರು. ಬದನೆಯ ಕುಲದ್ದೆಂದು ಗುರುತಿಸಿದ ಅವರ ಕಣ್ಣನ್ನು ಮೆಚ್ಚಬೇಕು, ಸಸ್ಯಶಾಸ್ತ್ರವೂ ಹಾಗೆಯೇ ಹೇಳುತ್ತದೆ. ಇಂದಿಗೂ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಟೊಮೆಟೊ ಇಲ್ಲ. ಇದು ಹೊರಗಿನಿಂದ ಬಂದದ್ದು ಎಂಬ ನೆನಪನ್ನು ಆ ಎಲೆ ಇನ್ನೂ ಕಾಪಾಡಿಕೊಂಡಿದೆ ನೋಡಿ.

ಹಾಗೆ ಬಂದ ಟೊಮೆಟೊ ಬಹುಕಾಲ ನಾಟಿಯಾಗಿಯೇ ಇತ್ತು. ಉತ್ತರ ಕರ್ನಾಟಕದವರಿಗೆ ಜವಾರಿ, ಇಲ್ಲಿನ ಮರಾಠಿಯಲ್ಲಿ ಗಾವಠಿ. ಚೆನ್ನಾದ ಹಣ್ಣನ್ನು ಬೀಜಕ್ಕೆಂದು ಬಿಡುವುದು, ಬೂದಿಯಲ್ಲಿ ಉಜ್ಜಿ ಒಣಗಿಸುವುದು, ಮುಂದಿನ ವರ್ಷ ಬಿತ್ತುವುದು. ಟೊಮೆಟೊ ಹೂವು ತನ್ನ ಪರಾಗವನ್ನು ತಾನೇ ಹೊಂದುವ ಜಾತಿ. ಆದ್ದರಿಂದ ತಾಯಿಯಂತೆ ಮಗಳು, ಮಗಳಂತೆ ಮೊಮ್ಮಗಳು.

ಈ ಲೆಕ್ಕ ಬದಲಾದದ್ದು 1973ರಲ್ಲಿ. ಬೆಂಗಳೂರಿನಲ್ಲಿ 1965ರಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯನ್ನು ಕಟ್ಟಿದ ಡಾ. ಮನಮೋಹನ ಅತ್ತಾವರ ಅವರು ಆ ವರ್ಷ ಒಂದು ಹೈಬ್ರಿಡ್ ಟೊಮೆಟೊವನ್ನೂ ಒಂದು ಹೈಬ್ರಿಡ್ ದೊಣ್ಣೆಮೆಣಸನ್ನೂ ಮಾರುಕಟ್ಟೆಗೆ ತಂದರು. ಮೆಣಸಿಗೆ ‘ಭಾರತ್’ ಎಂದು ಹೆಸರು. ಟೊಮೆಟೊಗೆ ಇಟ್ಟ ಹೆಸರೇನು ಗೊತ್ತೇ? ‘ಕರ್ನಾಟಕ’! ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣವಾದದ್ದೂ ಅದೇ 1973ರ ನವೆಂಬರ್ 1ರಂದು. ದೇಶದಲ್ಲಿ ತರಕಾರಿ ಹೈಬ್ರಿಡ್ ಬೀಜದ ವ್ಯಾಪಾರ ಶುರುವಾದದ್ದು ಈ ಜೋಡಿಯಿಂದ. ಅತ್ತಾವರರಿಗೆ 1998ರಲ್ಲಿ ಪದ್ಮಶ್ರೀ ಬಂತು. 2017ರಲ್ಲಿ ಅವರು ತೀರಿಕೊಂಡರು.

ಹೈಬ್ರಿಡ್ ಎಂದರೆ ಏನೋ ಇಂಜೆಕ್ಷನ್ ಕೊಟ್ಟ ಹಣ್ಣು ಎಂದು ತಿಳಿದವರು ಈಗಲೂ ಇದ್ದಾರೆ. ಹಾಗೇನಿಲ್ಲ, ಅದೊಂದು ಮದುವೆ. ಹೆಣ್ಣಿನ ಕಡೆ ಒಂದು ಶುದ್ಧ ತಳಿ, ಗಂಡಿನ ಕಡೆ ಇನ್ನೊಂದು. ಹೆಣ್ಣುಗಿಡದ ಮೊಗ್ಗು ನಾಳೆ ಅರಳುತ್ತದೆ ಎನ್ನುವಾಗಲೇ ಚಿಮಟದಿಂದ ಬಿಡಿಸಿ, ಒಳಗಿನ ಪುಂಕೇಸರಗಳನ್ನು ತೆಗೆದುಬಿಡಬೇಕು. ಮರುದಿನ ಗಂಡುಗಿಡದ ಪರಾಗವನ್ನು ಅದರ ಶಲಾಕೆಯ ತುದಿಗೆ ಮುಟ್ಟಿಸಬೇಕು. ಮದುವೆಯಾದ ಹೂವಿಗೆ ಗುರುತಾಗಿ ತೊಟ್ಟಿನ ಬಳಿಯ ಒಂದೆರಡು ಹಸಿರು ಎಸಳು ಕತ್ತರಿಸುತ್ತಾರೆ. ಒಂದು ಹೂವಿಗೆ ಇಷ್ಟು ಉಪಚಾರ ಮಾಡಿದರೆ ಲಾಭವೆಲ್ಲಿ ಎನ್ನುತ್ತೀರಾ? ಒಂದೇ ಹಣ್ಣಿನಲ್ಲಿ ನೂರರ ಲೆಕ್ಕದಲ್ಲಿ ಬೀಜ ಸಿಗುತ್ತದೆ, ಲಾಭ ಅಲ್ಲಿದೆ. ಈ ಕೆಲಸದ ದೊಡ್ಡ ಕೇಂದ್ರವಾಗಿ ಬೆಳೆದದ್ದು ನಮ್ಮ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸೀಮೆ. ಕಂಪನಿ ತಾಯಿ ತಂದೆ ಎರಡರ ಬೀಜವನ್ನೂ ಕೊಡುತ್ತದೆ. ರೈತರ ಮನೆಯ ಹೆಂಗಸರು, ಕೂಲಿಯ ಹೆಂಗಸರು ಸಾಲಿನಲ್ಲಿ ನಿಂತು ಸಾವಿರಾರು ಮೊಗ್ಗು ಬಿಡಿಸುತ್ತಾರೆ. ಹುಟ್ಟಿದ ಬೀಜ ಮತ್ತೆ ಕಂಪನಿಗೆ. ಇಲ್ಲಿನ ಹೋಟೆಲುಗಳಲ್ಲಿ ನೀವು ತಿನ್ನುವ ಟೊಮೆಟೊ ಆಮ್ಲೆಟ್ಟಿನ ಹಿಂದೆ ಯಾವುದೋ ತಾಯಿಯ ಬೆರಳಿನ ಇಂಥ ಕುಸುರಿ ಕೆಲಸ ಇರುತ್ತದೆ.

ಹೀಗೆ ಹುಟ್ಟಿದ ಮೊದಲ ತಲೆಮಾರಿನ ಗಿಡಗಳೆಲ್ಲ ಒಂದೇ ಅಚ್ಚಿನವು. ಒಂದೇ ಎತ್ತರ, ಒಂದೇ ಆಕಾರ, ಒಟ್ಟಿಗೇ ಹಣ್ಣು. ಲಾರಿಗೂ ಮಂಡಿಗೂ ಬೇಕಾದದ್ದು ಇದೇ. ಜುನ್ನರ ತಾಲೂಕಿನ ನಾರಾಯಣಗಾಂವದಲ್ಲಿ ಕ್ರೇಟಿಗೆ ತುಂಬಿದ ಹಣ್ಣು ಘಟ್ಟವಿಳಿದು ನಮ್ಮೂರ ಮಾರ್ಕೆಟ್ಟಿಗೆ ಬರುವಾಗ ಜಜ್ಜಿರಬಾರದಲ್ಲ! ರೈತನಿಗೂ ಇಳುವರಿ ಹೆಚ್ಚಿತು. ಸುಳ್ಳು ಹೇಳಬಾರದು, ಹೈಬ್ರಿಡ್ ಬಂದದ್ದರಿಂದ ಅನುಕೂಲ ಬಹಳವಾಗಿದೆ.

ಕಥೆ ತಿರುಗುವುದು ಎರಡನೇ ತಲೆಮಾರಿನಲ್ಲಿ. ಮೊದಲ ತಲೆಮಾರಿನಲ್ಲಿ ಅಡಗಿ ಕುಳಿತ ಗುಣಗಳು ಎರಡನೆಯದರಲ್ಲಿ ಹೊರಗೆ ಬರುತ್ತವೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ಬ್ರನೋ ಪಟ್ಟಣದ ಮಠದಲ್ಲಿ ಬಟಾಣಿ ಬೆಳೆದ ಸನ್ಯಾಸಿ ಗ್ರೆಗರ್ ಮೆಂಡಲ್. 1865ರಲ್ಲಿ ಉಪನ್ಯಾಸ ಕೊಟ್ಟರು, 1866ರಲ್ಲಿ ಅದು ಅಚ್ಚಾಯಿತು. ಲೋಕ ಅದನ್ನು ಗಂಭೀರವಾಗಿ ಓದಿದ್ದು 1900ರಲ್ಲಿ, ಅವರು ತೀರಿಕೊಂಡು 16 ವರ್ಷಗಳಾದ ಮೇಲೆ.

ನಿಮ್ಮ ಗ್ಯಾಲರಿಯ ಗಿಡವೂ ಇದನ್ನೇ ಹೇಳುತ್ತಿದೆ. ಮಾರ್ಕೆಟ್ಟಿಗೆ ಈಗ ಬರುವ ಹಣ್ಣು ಹೆಚ್ಚಿನದು ಹೈಬ್ರಿಡ್. ಅದರ ಬೀಜದಿಂದ ಹುಟ್ಟಿದ್ದು ಎರಡನೇ ತಲೆಮಾರು. ಒಂದಕ್ಕೆ ಅಜ್ಜಿಯ ಆಕಾರ, ಇನ್ನೊಂದಕ್ಕೆ ಅಜ್ಜನ ಹುಳಿ. ಬೀಜ ಕೆಟ್ಟಿಲ್ಲ, ಗಂಟು ಬಿಚ್ಚಿಕೊಂಡಿದೆ ಅಷ್ಟೇ.

ಇದನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ನೀವೇ ಒಂದು ಮದುವೆ ಮಾಡಿಸಿ. ಕೆಂಪು ಹಣ್ಣಿನ ನಾಟಿ ಗಿಡಕ್ಕೆ ಹಳದಿ ಹಣ್ಣಿನ ಗಿಡದ ಪರಾಗ ಮುಟ್ಟಿಸಿ. ಮೊದಲ ತಲೆಮಾರಿನ ಮಕ್ಕಳೆಲ್ಲ ಕೆಂಪು. ಹಳದಿ ಎಲ್ಲಿ ಹೋಯಿತು ಎಂದು ಬೇಸರ ಬೇಡ. ಆ ಕೆಂಪು ಹಣ್ಣಿನ ಬೀಜ ಬಿತ್ತಿದರೆ ಸರಾಸರಿ ನಾಲ್ಕು ಗಿಡಗಳಲ್ಲಿ ಒಂದು ಹಳದಿ ಹಣ್ಣು ಬಿಡುತ್ತದೆ. ಸರಾಸರಿ ಎಂದೆ, ಗಮನಿಸಿ. ನಾಲ್ಕೇ ಕುಂಡ ಇಟ್ಟರೆ ಮೂರು ಮನೆಗಳಲ್ಲಿ ಒಂದು ಮನೆಗೆ ಹಳದಿ ಕಾಣುವುದೇ ಇಲ್ಲ. ಎಂಟು ಕುಂಡ ಇಟ್ಟರೆ ಕಾಣುವ ಸಾಧ್ಯತೆ ನೂರಕ್ಕೆ 90. ಹಳದಿಯ ಜೊತೆಗೆ ಆಲೂಗಡ್ಡೆ ಗಿಡದಂಥ ಅಗಲ ಎಲೆಯೂ ಬೇಕು ಎಂದರೆ ಅದು 16ರಲ್ಲಿ ಒಂದು. ನೂರಕ್ಕೆ 95ರಷ್ಟು ಭರವಸೆ ಬೇಕಾದರೆ 47 ಗಿಡ ಬೆಳೆಯಬೇಕು!

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಮೆಚ್ಚಿದ ಗಿಡದ ಬೀಜ ಮುಂದಿನ ಸಲ ಮತ್ತೆ ಚೂರು ಬದಲಾಗುತ್ತದೆ. ಒಂದೊಂದು ತಲೆಮಾರಿಗೂ ಈ ಚಂಚಲತೆ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ನೂರಕ್ಕೆ 50, ಆಮೇಲೆ 25, ಆಮೇಲೆ 12.5. ಆರೇಳು ತಲೆಮಾರು ಆರಿಸುತ್ತ ಹೋದರೆ ತಳಿ ನೆಲೆ ನಿಲ್ಲುತ್ತದೆ. ಆಮೇಲೆ ಅದು ನಾಟಿಯಂತೆಯೇ, ತಾಯಿಯಂತೆ ಮಗಳು.

ನಮ್ಮ ಸರ್ಕಾರಿ ಸಂಸ್ಥೆಗಳು ದಶಕಗಳ ಕಾಲ ಮಾಡಿದ್ದು ಈ ತಾಳ್ಮೆಯ ಕೆಲಸವನ್ನೇ. ದೆಹಲಿಯ ಪೂಸಾ ಸಂಸ್ಥೆಯ ಪ್ರಸಿದ್ಧ ‘ಪೂಸಾ ರೂಬಿ’ ಹುಟ್ಟಿದ್ದು ‘ಸೂ’ ಎಂಬ ಅಮೆರಿಕದ ತಳಿ ಮತ್ತು ‘ಇಂಪ್ರೂವ್ಡ್ ಮೀರುತಿ’ ತಳಿಯ ಮದುವೆಯಿಂದ. 1967ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅದರ ತಳಿಗಳ ಹೆಸರಿನ ಮುಂದೆ ಬರುವ ‘ಅರ್ಕಾ’ ಎಂಬುದು ಅರ್ಕಾವತಿ ನದಿಯ ನೆನಪು. ‘ಅರ್ಕಾ ವಿಕಾಸ’, ‘ಅರ್ಕಾ ಸೌರಭ’ ಇವೆಲ್ಲ ಬೀಜ ಉಳಿಸಿಕೊಳ್ಳಬಹುದಾದ ತಳಿಗಳು. ಅದೇ ಸಂಸ್ಥೆ 2010ರಲ್ಲಿ ‘ಅರ್ಕಾ ರಕ್ಷಕ್’ ಎಂಬ ಹೈಬ್ರಿಡ್ ಕೊಟ್ಟಿತು. ಅದಕ್ಕೆ ಎಲೆಮುರುಟು, ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ.

ಎಲೆಮುರುಟು ಎಂದಾಗ ಕೋಲಾರದ ರೈತರು ಬೆಚ್ಚುತ್ತಾರೆ. ಬಿಳಿನೊಣ ಹರಡುವ ಈ ನಂಜುರೋಗ ಎಳೆಯ ಗಿಡಕ್ಕೆ ತಗುಲಿದರೆ ಬೆಳೆಯ ಆಸೆ ಬಿಡಬೇಕು. 1999ರಲ್ಲಿ ಕೋಲಾರದಲ್ಲೇ ಬಿಳಿನೊಣದ ಇನ್ನೂ ಉಗ್ರ ಬಗೆಯೊಂದು ಕಾಣಿಸಿಕೊಂಡಿತು. ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ವಿ. ಮುನಿಯಪ್ಪ ಮತ್ತು ಸಂಗಡಿಗರು ರೋಗ ತಡೆಯುವ ಗಿಡಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂದು ‘ನಂದಿ’, ‘ಸಂಕ್ರಾಂತಿ’, ‘ವೈಭವ’ ಎಂಬ ಮೂರು ತಳಿಗಳನ್ನು ಕೊಟ್ಟರು. ಮೂರೂ ಹೈಬ್ರಿಡ್ ಅಲ್ಲ. ರೈತ ಒಮ್ಮೆ ಕೊಂಡರೆ ಬೀಜ ಅವನದೇ.

ನನ್ನ ಮಾತಿನ ತಿರುಳು ಇಲ್ಲಿದೆ. ಹೈಬ್ರಿಡ್ಡಿನಲ್ಲಿ ದೋಷವಿಲ್ಲ, ಆದರೆ ಅದರ ತಾಯಿ ತಂದೆ ಯಾರ ಕೈಯಲ್ಲಿವೆಯೋ ಬೀಜ ಅವರದು. ರೈತ ಬೀಜ ಉಳಿಸಿದರೂ ಬೆಳೆ ಒಂದೇ ಸಮ ಬರುವುದಿಲ್ಲ, ರೋಗ ತಡೆಯುವ ಶಕ್ತಿಯೂ ಕೆಲವು ಗಿಡಗಳಲ್ಲಿ ಇಲ್ಲವಾಗುತ್ತದೆ. ಆದ್ದರಿಂದ ಪ್ರತಿ ಹಂಗಾಮಿಗೂ ಅಂಗಡಿಗೆ ಹೋಗಲೇಬೇಕು. ಬೀಗ ಬೇಕಿಲ್ಲ, ಪ್ರಕೃತಿಯೇ ಬೀಗ. 1988ರ ಹೊಸ ಬೀಜ ನೀತಿ ಹೊರದೇಶದ ತರಕಾರಿ ಬೀಜಕ್ಕೂ ಬಾಗಿಲು ತೆರೆದ ಮೇಲೆ ಈ ವ್ಯಾಪಾರ ಮತ್ತಷ್ಟು ಹಿಗ್ಗಿತು. 2001ರ ಸಸ್ಯ ತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನ ಪರವಾಗಿ ಒಂದು ಮಾತು ಬರೆದಿಟ್ಟಿದೆ. ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ರೈತನಿಗೆ ಇದೆ. ರಕ್ಷಣೆ ಪಡೆದ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಆದರೆ ಕಾಗದದ ಹಕ್ಕು ಹೊಲದಲ್ಲಿ ನಿಜವಾಗಬೇಕಾದರೆ ಉಳಿಸಲು ಯೋಗ್ಯವಾದ ತಳಿ ಇರಬೇಕು, ಆರಿಸುವ ಕಣ್ಣು ಇರಬೇಕು. ಆ ಕಣ್ಣು ನಮ್ಮ ಅಜ್ಜಿಯರಿಗೆ ಇತ್ತು. ಈಗ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಠಾಣೆಯ ಏಳನೇ ಮಹಡಿಯಲ್ಲಿ ಕುಳಿತು ನಾವು ದೇಶದ ಬೀಜ ಕಾಯುತ್ತೇವೆ ಎಂದರೆ ನಗು ಬಂದೀತು. ಆದರೆ ಕಣ್ಣನ್ನಾದರೂ ಪಳಗಿಸಬಹುದು. 47 ಗಿಡಗಳ ಲೆಕ್ಕ ನೆನಪಿದೆಯಲ್ಲ? ಒಂದು ಗ್ಯಾಲರಿಗೆ ಅದು ಅಸಾಧ್ಯ. ಹನ್ನೆರಡು ಮನೆಯವರು ತಲಾ ನಾಲ್ಕು ಕುಂಡ ಇಟ್ಟರೆ 48! ಸೊಸೈಟಿಯ ಗಣೇಶೋತ್ಸವಕ್ಕೆ ಸೇರುವ ಅದೇ ಹನ್ನೆರಡು ಮನೆಗಳು ಸಾಕು. ಮಳೆ ನಿಂತ ಮೇಲೆ ಬಿತ್ತಿ. ಕುಂಡಕ್ಕೆ ನಂಬರ್ ಹಾಕಿ. ಎಲೆ ಹೇಗಿದೆ, ಗಿಡ ಎಷ್ಟೆತ್ತರ, ಹಣ್ಣಿನ ಬಣ್ಣ, ಆಕಾರ, ರುಚಿ, ಯಾವುದಕ್ಕೆ ರೋಗ ಬಂತು, ಯಾವುದಕ್ಕೆ ಬರಲಿಲ್ಲ, ಎಲ್ಲವನ್ನೂ ಮಕ್ಕಳ ಕೈಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆಸಿ, ಕನ್ನಡದಲ್ಲೇ ಬರೆಸಿ. ಫೆಬ್ರವರಿಯಲ್ಲಿ ಒಂದು ಭಾನುವಾರ ಎಲ್ಲರ ಹಣ್ಣನ್ನೂ ಒಂದೇ ಮೇಜಿನ ಮೇಲೆ ಜೋಡಿಸಿ. ಒಂದೇ ಹಣ್ಣಿನ ಮಕ್ಕಳು ಎಷ್ಟು ಬಗೆ ಎಂದು ಆಗ ನೋಡಿ. ಅವುಗಳಲ್ಲಿ ಯಾವುದರ ಬೀಜ ಇಡಬೇಕು ಎಂದು ಹನ್ನೆರಡು ಮನೆಯವರು ವಾದ ಮಾಡುತ್ತೀರಲ್ಲ, ರೈತ ಸಾವಿರಾರು ವರ್ಷ ಮಾಡಿಕೊಂಡು ಬಂದದ್ದು ಆ ಕೆಲಸವನ್ನೇ.

ಆರೇಳು ವರ್ಷ ಬಿಡದೆ ನಡೆಸಿದರೆ ನಿಮ್ಮ ಸೊಸೈಟಿಗೇ ಒಂದು ತಳಿ ಸಿದ್ಧ. ನಡುವೆ ಕೈಬಿಟ್ಟರೂ ನಷ್ಟವಿಲ್ಲ, ಸಾರಿಗಂತೂ ಹಣ್ಣು ಸಿಕ್ಕಿರುತ್ತದೆ! ಮುಂದಿನ ಸಲ ಕುಂಡದಲ್ಲಿ ತಾನಾಗಿ ಹುಟ್ಟಿದ ಟೊಮೆಟೊ ಸಸಿ ಕಂಡರೆ ಒಂದು ಕೋಲು ಊರಿ, ದಾರ ಕಟ್ಟಿ. ಅದರ ಅಜ್ಜ ಅಜ್ಜಿಯರ ಹೆಸರು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಣ್ಣು ಬಿಡಲಿ, ಮುಖಚರ್ಯೆ ನೋಡಿ ಗುರುತು ಹಿಡಿಯೋಣ.