ಕಾರವಾರದ ಕಡಲನ್ನು ಅಳೆದ ಚರಿತ್ರೆ

ನಮ್ಮ ವಜ್ರಳ್ಳಿಯು ಕಡಲನ್ನು ಕಾಣದ ಊರು. ಆದರೂ ಇಲ್ಲಿ ಸುರಿದ ಮಳೆಯ ನೀರು ಹಳ್ಳಕೊಳ್ಳಗಳ ಮೂಲಕ ಬೇಡ್ತಿಯನ್ನು ಕೂಡಿ, ಘಟ್ಟವನ್ನಿಳಿದು, ಗಂಗಾವಳಿಯೆಂಬ ಹೆಸರು ತಾಳಿ, ಅಂಕೋಲೆ ತಾಲೂಕಿನ ಮಂಜಗುಣಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿಯೂ ಸಿದ್ದಾಪುರದ ಸೀಮೆಯನ್ನು ಹಾದು ತದಡಿಯಲ್ಲಿ ಕಡಲು ಸೇರುವಳು. ಆದುದರಿಂದ ಕೆಳಗಿನ ಕರಾವಳಿಯ ಸುಖದುಃಖಗಳು ಘಟ್ಟದ ಮೇಲಿನ ನಮಗೆ ಅನ್ಯವಲ್ಲ.

ಇನ್ನೊಂದು ನಂಟನ್ನೂ ಇಲ್ಲಿ ಸ್ಮರಿಸುವುದು ಉಚಿತ. ಭೂಪಟಗಳಲ್ಲಿ ನಮ್ಮ ಗುಡ್ಡಗಳ ಎತ್ತರವನ್ನು ‘ಸಮುದ್ರ ಮಟ್ಟದಿಂದ ಇಷ್ಟು’ ಎಂದು ಬರೆದಿರುತ್ತಾರೆ. ಆ ಸಮುದ್ರ ಯಾವುದು? ಭಾರತದ ಎತ್ತರಗಳಿಗೆಲ್ಲ ಆಧಾರವಾದ ಮಟ್ಟವನ್ನು 1909ರಲ್ಲಿ ನಿಶ್ಚಯಿಸಿದಾಗ ಒಂಬತ್ತು ಬಂದರುಗಳ ಸರಾಸರಿ ನೀರಿನ ಮಟ್ಟವನ್ನು ಸೊನ್ನೆಯೆಂದು ಹಿಡಿಯಲಾಯಿತು. ಕರಾಚಿ, ಮುಂಬಯಿ, ಮದ್ರಾಸುಗಳ ಸಾಲಿನಲ್ಲಿ ನಮ್ಮ ಕಾರವಾರವೂ ಒಂದು.

ಈ ಅಳತೆಯ ಮೂಲವನ್ನು ಅರಸಿದರೆ ನಾವು ಕಚ್ಛದ ಕೊಲ್ಲಿಗೆ ಹೋಗಬೇಕಾಗುತ್ತದೆ. ಅಲ್ಲಿ ನೆಲವೂ ಕಡಲೂ ಒಂದಕ್ಕೊಂದು ಏರುತ್ತಿವೆಯೋ ಇಳಿಯುತ್ತಿವೆಯೋ ಎಂಬುದನ್ನು ಅರಿಯಲು 1870ರ ದಶಕದಲ್ಲಿ ಸರ್ವೇ ಇಲಾಖೆಯ ಬೇರ್ಡ್ ಎಂಬ ಸೈನ್ಯಾಧಿಕಾರಿ ಉಬ್ಬರವಿಳಿತದ ಮಾಪಕಗಳನ್ನು ನಿಲ್ಲಿಸಿದನು. ಮುಂದೆ ಆ ಕಾರ್ಯ ದೇಶದ ಬಂದರುಗಳಿಗೆಲ್ಲ ಹಬ್ಬಿತು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದ ಕಾರವಾರದಲ್ಲಿಯೂ ಆ ಶತಮಾನದಲ್ಲಿಯೇ ಮಾಪಕ ನಿಂತಿತು. ಯಂತ್ರ ಬಹು ಸರಳ. ಕಡಲ ನೀರು ಸಣ್ಣ ದಾರಿಯಿಂದ ಒಂದು ಬಾವಿಯೊಳಗೆ ಬರುತ್ತದೆ. ತೆರೆಗಳ ಹೊಯ್ದಾಟ ಹೊರಗೇ ಉಳಿಯುತ್ತದೆ. ಬಾವಿಯ ನೀರಿನ ಮೇಲೆ ತೇಲುವ ಬುರುಡೆ ಏರಿಳಿದಂತೆ, ಅದಕ್ಕೆ ತಂತಿಯಿಂದ ಕಟ್ಟಿದ ಪೆನ್ಸಿಲು ಗಡಿಯಾರದಿಂದ ತಿರುಗುವ ಉರುಳೆಯ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಬಾವಿಯ ಸಮೀಪದ ಗಟ್ಟಿ ನೆಲದಲ್ಲಿ ಗುರುತಿನ ಕಲ್ಲೊಂದನ್ನು ನೆಟ್ಟು, ಮಾಪಕದ ಮಟ್ಟವನ್ನು ಅದರೊಡನೆ ಆಗಾಗ ತಾಳೆ ನೋಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಯಂತ್ರಕ್ಕಿಂತ ಆ ಕಲ್ಲೇ ಮುಖ್ಯ. ಏಕೆಂದರೆ ಮಾಪಕವು ಹೇಳುವುದು ನೆಲಕ್ಕೆ ಹೋಲಿಸಿದ ಕಡಲಿನ ಮಟ್ಟವನ್ನು ಮಾತ್ರ. ನೆಲವೇ ಕುಸಿದರೂ ಕಡಲು ಏರಿದಂತೆಯೇ ಕಾಣುವುದು. ಕಲಕತ್ತೆಯ ಕೆಳಗಿನ ಡೈಮಂಡ್ ಹಾರ್ಬರಿನಲ್ಲಿ ಏರಿಕೆಯ ಲೆಕ್ಕ ಉಳಿದೆಡೆಗಳಿಗಿಂತ ಹಲವು ಪಟ್ಟು ಹೆಚ್ಚಿರುವುದಕ್ಕೆ ಅಲ್ಲಿಯ ಮೆಕ್ಕಲು ನೆಲದ ಕುಸಿತವೂ ಕಾರಣ.

ಅಂದು ಈ ಲೆಕ್ಕ ಬೇಕಾದದ್ದು ಮುಖ್ಯವಾಗಿ ಹಡಗುಗಳಿಗೆ. ಉಬ್ಬರದ ವೇಳೆಯನ್ನು ಮುಂದಾಗಿ ಗುಣಿಸಲು 1879ರಲ್ಲಿ ಇಂಗ್ಲೆಂಡಿನಲ್ಲಿ ಭಾರತದ ಬಂದರುಗಳಿಗಾಗಿಯೇ ಒಂದು ಗಣಕಯಂತ್ರ ಸಿದ್ಧವಾಯಿತು. ಕಡಲು ಶಾಶ್ವತವಾಗಿ ಏರುತ್ತಿದೆಯೇ ಎಂಬ ಪ್ರಶ್ನೆ ದೊಡ್ಡದಾದದ್ದು ಬಹಳ ತಡವಾಗಿ.

ಆ ಪ್ರಶ್ನೆಗೆ ಉತ್ತರ ಸುಲಭವಲ್ಲ. ಕಾರವಾರದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ನೀರು ಸುಮಾರು ಒಂದೂವರೆ ಮೀಟರು ಏರಿಳಿಯುತ್ತದೆ. ಋತುವಿಗೆ ತಕ್ಕ ಏರಿಳಿತ ಬೇರೆ: ಮಳೆಗಾಲದ ಕೊನೆಯ ವೇಳೆಗೆ ಸರಾಸರಿ ಮಟ್ಟ ತಗ್ಗಿ, ಚಳಿಗಾಲದಲ್ಲಿ ಹೆಚ್ಚುತ್ತದೆ. ಇಷ್ಟರ ನಡುವೆ ವರ್ಷಕ್ಕೆ ಒಂದೆರಡು ಮಿಲಿಮೀಟರಿನ ಏರಿಕೆಯನ್ನು ಹುಡುಕಬೇಕು. ಐದು ಹತ್ತು ವರ್ಷಗಳ ಕಾಗದ ಸಾಲದು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಉನ್ನಿಕೃಷ್ಣನ್ ಮತ್ತು ಶಂಕರ್ ಎಂಬ ವಿಜ್ಞಾನಿಗಳು ನಲವತ್ತು ವರ್ಷಗಳಿಗೂ ದೀರ್ಘವಾದ ದಾಖಲೆಗಳನ್ನೇ ಆರಿಸಿಕೊಂಡು, 2007ರಲ್ಲಿ ಉತ್ತರ ಹಿಂದೂ ಮಹಾಸಾಗರದ ಏರಿಕೆ ವರ್ಷಕ್ಕೆ ಸರಾಸರಿ 1.29 ಮಿಲಿಮೀಟರು ಎಂದು ತೋರಿಸಿದರು. ಮುಂಬಯಿ, ಕೊಚ್ಚಿ, ವಿಶಾಖಪಟ್ಟಣಗಳ ಗೆರೆಗಳು ಅವರಿಗೆ ನೆರವಾದವು. ದಿನದಿನವೂ ಬೇಸರಿಸದೆ ಕಾಗದ ಬದಲಿಸಿದ ಹೆಸರಿಲ್ಲದ ಸಿಬ್ಬಂದಿಗೆ ಈ ಅಂಕೆಯ ಪಾಲು ಸಲ್ಲಬೇಕು.

ಅನಂತರ ವೇಗ ಹೆಚ್ಚಿದೆ. 1992ರಿಂದ ಉಪಗ್ರಹಗಳು ಆಕಾಶದಿಂದಲೇ ಕಡಲ ಮೈಯನ್ನು ನಿಖರವಾಗಿ ಅಳೆಯುತ್ತ ಬಂದಿವೆ. ಜಗತ್ತಿನ ಸರಾಸರಿ ಏರಿಕೆ 2006ರಿಂದ 2018ರ ಅವಧಿಯಲ್ಲಿ ವರ್ಷಕ್ಕೆ 3.7 ಮಿಲಿಮೀಟರು, 1901ರಿಂದ 2018ರವರೆಗೆ ಒಟ್ಟು ಏರಿಕೆ ಸುಮಾರು 20 ಸೆಂಟಿಮೀಟರು. ಬಿಸಿಯಾದ ನೀರು ಹಿಗ್ಗುವುದೂ ನೆಲದ ಮೇಲಿನ ಹಿಮ ಕರಗುವುದೂ ಇದಕ್ಕೆ ಮುಖ್ಯ ಕಾರಣಗಳು.

ಒಂದು ಗೇಣಿನಷ್ಟೂ ಇಲ್ಲದ ಈ ಏರಿಕೆಯಿಂದ ಏನಾದೀತೆಂದು ಘಟ್ಟದ ಮೇಲಿನವರು ಕೇಳಬಹುದು. ಉತ್ತರ ಅಘನಾಶಿನಿಯ ಗಜನಿ ಗದ್ದೆಗಳಲ್ಲಿದೆ. ಕುಮಟೆ ತಾಲೂಕಿನ ಮಾಣಿಕಟ್ಟಾ ಮೊದಲಾದ ಊರುಗಳ ಈ ಗದ್ದೆಗಳು ಬಹುಪಾಲು ಕಡಲಿನ ಮಟ್ಟದಲ್ಲಿಯೇ ಇವೆ. ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತ ಅಲ್ಲಿಯ ಬೆಳೆ. ಮಳೆಯ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅದು ತಲೆಯೆತ್ತುತ್ತದೆ. ಕಟ್ಟೆಯ ಬಾಗಿಲನ್ನು ಇಳಿತದಲ್ಲಿ ತೆರೆದು ಒಳಗಿನ ನೀರನ್ನು ಹೊರಬಿಡುತ್ತಾರೆ, ಉಬ್ಬರದಲ್ಲಿ ಮುಚ್ಚುತ್ತಾರೆ. ಕಡಲು ಸ್ವಲ್ಪವೇ ಏರಿದರೂ ಬಾಗಿಲು ತೆರೆದಿರಬಹುದಾದ ಹೊತ್ತು ಕುಗ್ಗುತ್ತದೆ. ಘಟ್ಟದಿಂದ ಇಳಿದ ನೆರೆ ಹೋಗಲು ದಾರಿ ಕಾಣದೆ ಗದ್ದೆಯಲ್ಲಿಯೇ ನಿಲ್ಲುತ್ತದೆ.

2021ರ ಜುಲೈ ತಿಂಗಳಲ್ಲಿ ನಮ್ಮ ನೆರೆಯ ಕಳಚೆಯ ಗುಡ್ಡಗಳು ಕುಸಿದುದನ್ನೂ ಗುಳ್ಳಾಪುರದ ಸೇತುವೆ ಕೊಚ್ಚಿಹೋದುದನ್ನೂ ನಾವಾರೂ ಮರೆತಿಲ್ಲ. ಅಂದಿನ ಆ ಕೆಂಪು ನೀರೆಲ್ಲ ಹರಿದು ಹೋದದ್ದು ಗಂಗಾವಳಿಯ ಮುಖಕ್ಕೆ. ಅಲ್ಲಿ ಅದು ಉಬ್ಬರ ಇಳಿಯುವವರೆಗೆ ಕಾಯಲೇಬೇಕು. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಕಾರವಾರದ ಬಾವಿಯಂಥ ಮಾಪಕಗಳ ಗೆರೆಗಳೇ ಹೇಳಬಲ್ಲವು.