ಪುಣೆಯ ಸಂಗೀತ ಪಾಠ ಮತ್ತು ಶ್ರುತಿಯ ಯಂತ್ರಗಳು

ಗುರುವಿನ ಎದುರು ಒಬ್ಬಿಬ್ಬರು ಕುಳಿತು ಕಲಿಯುತ್ತಿದ್ದ ಹಿಂದೂಸ್ತಾನಿ ಸಂಗೀತವನ್ನು ತರಗತಿಗೆ ತರುವ ಪ್ರಯತ್ನ ಪುಣೆಯಲ್ಲಿ 1874ರ ಗಾಯನ ಸಮಾಜದಿಂದ ಮೊದಲುಗೊಂಡು, ಧಾರವಾಡದಲ್ಲಿ ಶಿಕ್ಷಕರಾಗಿದ್ದ ಭಾಸ್ಕರಬುವಾ ಬಖಲೆಯವರು 1911ರಲ್ಲಿ ಆರಂಭಿಸಿದ ಭಾರತ ಗಾಯನ ಸಮಾಜದಲ್ಲೂ ವಿನಾಯಕರಾವ್ ಪಟವರ್ಧನರು 1932ರಲ್ಲಿ ತೆರೆದ ಗಾಂಧರ್ವ ಮಹಾವಿದ್ಯಾಲಯದಲ್ಲೂ ಮುಂದುವರಿಯಿತು. ತಂಬೂರಿಯನ್ನು ಶ್ರುತಿಗೂಡಿಸುತ್ತ ಕೂರಲು ವೇಳೆಯಿಲ್ಲದ ಸಾಮೂಹಿಕ ಪಾಠಕ್ಕೆ ಹಾರ್ಮೋನಿಯಂ ಒದಗಿಬಂದಿತು.

ಒಂದು ಸ್ಥಾಯಿಗೆ 12 ಸ್ಥಿರ ಸ್ವರಗಳನ್ನಷ್ಟೇ ಕೊಡುವ ಈ ವಾದ್ಯ ರಾಗದ ಸೂಕ್ಷ್ಮಗಳನ್ನು ಕೆಡಿಸುತ್ತದೆಂಬ ಆಕ್ಷೇಪ ಬೆಳೆದಾಗ, ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು 22 ಶ್ರುತಿಗಳನ್ನು, ಅಂದರೆ ಸ್ಥಾಯಿಯೊಳಗಿನ ಕಿರು ಅಂತರಗಳನ್ನು, ಅಳೆದು 1910ರಲ್ಲಿ ಗ್ರಂಥ ಪ್ರಕಟಿಸಿದರು. ಇದೇ ಕಾಲದಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ನಡೆಸುತ್ತಿದ್ದ, ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ದೇವಲರ ಈ ಅಳತೆಯ ಪ್ರಯೋಗಕ್ಕೆ ಕಂಠ ನೀಡಿದರು. ದೇವಲರು ಇ. ಕ್ಲೆಮೆಂಟ್ಸ್ ಎಂಬ ಬ್ರಿಟಿಷ್ ಅಧಿಕಾರಿಯೊಡನೆ ರೂಪಿಸಿದ ಶ್ರುತಿ ಹಾರ್ಮೋನಿಯಂ 1916ರ ಬರೋಡ ಸಂಗೀತ ಸಮ್ಮೇಳನದಲ್ಲಿ ಚರ್ಚೆಗೊಳಗಾದರೂ ಶಾಲೆಗಳಲ್ಲಿ ಬೇರೂರಲಿಲ್ಲ. ಅಳತೆ ಎಷ್ಟೇ ನಿಖರವಾಗಿದ್ದರೂ, ಸ್ವರವನ್ನು ಸಿದ್ಧವಾಗಿ ಕೈಗಿಡುವ ಯಂತ್ರ ಕಲಿಯುವವರ ಕಿವಿಗೆ ಹುಡುಕುವ ಕೆಲಸವನ್ನೇ ಉಳಿಸುವುದಿಲ್ಲ.

ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣರು 1979ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿಯ ದಾರಿ ಬೇರೆ. ಅದು ಆಧಾರ ಷಡ್ಜವನ್ನು (ಸ), ಅದರೊಡನೆ ಸಾಮಾನ್ಯವಾಗಿ ಪಂಚಮವನ್ನೋ (ಪ) ಮಧ್ಯಮವನ್ನೋ (ಮ) ಮಾತ್ರ ನುಡಿಸುವುದರಿಂದ ಉಳಿದ ಸ್ವರಗಳನ್ನು ಹಾಡುವವರೇ ಕಂಡುಕೊಳ್ಳಬೇಕಾಗುತ್ತದೆ. ಹುಡುಗರ ಧ್ವನಿ ಒಡೆಯುವ ಪ್ರೌಢಶಾಲೆಯ ವಯಸ್ಸಿನಲ್ಲಿ ಇದರ ಉಪಯೋಗ ವಿಶೇಷವಾದುದು: ಮೀರಜಿನ ಕುಶಲಕರ್ಮಿಗಳು ಮಾಡಿದ ತಂಬೂರಿಯ ತಂತಿಗಳನ್ನು ಪ್ರತಿ ಸಲವೂ ಹೊಸದಾಗಿ ಬಿಗಿಯಬೇಕಾದರೆ, ಇಲ್ಲಿ ಗುಂಡಿ ತಿರುಗಿಸಿದರೆ ಆಯಾ ಕಂಠಕ್ಕೆ ತಕ್ಕ ಶ್ರುತಿ ಸಿಗುತ್ತದೆ. ಮುಂದೆ ನಿಜವಾದ ತಂಬೂರಿಯ ನಾದವನ್ನೇ ಡಿಜಿಟಲ್ ಆಗಿ ಮುದ್ರಿಸಿ ನುಡಿಸುವ ಯಂತ್ರಗಳೂ ಮೊಬೈಲ್ ಆ್ಯಪ್‌ಗಳೂ ಬಂದವು.

ತಂತ್ರಜ್ಞಾನ ಈಗ ಪಠ್ಯಪುಸ್ತಕಕ್ಕೂ ಬಂದಿದೆ: ಪುಣೆಯ ಬಾಲಭಾರತಿ, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ, ಅಕ್ಕಲಕೋಟೆ ಮತ್ತು ಜತ್ತ ಸೀಮೆಯ ಶಾಲೆಗಳಿಗಾಗಿ ಕನ್ನಡದಲ್ಲೂ ಪುಸ್ತಕಗಳನ್ನು ಅಚ್ಚುಹಾಕುತ್ತದೆ; ಅದರ ಪುಸ್ತಕಗಳಲ್ಲಿನ ಕ್ಯೂಆರ್ ಕೋಡ್‌ಗಳು ಧ್ವನಿ ಮತ್ತು ದೃಶ್ಯ ಪಾಠಗಳಿಗೆ ದಾರಿ ತೋರುತ್ತವೆ. ಹಳ್ಳಿಯ ಶಾಲೆಗೆ ಒಳ್ಳೆಯ ಕಂಠವೊಂದು ಹೀಗೆ ತಲುಪುವುದಾದರೆ ಅದು ಸಣ್ಣ ಲಾಭವಲ್ಲ. ಆದರೆ ಧ್ವನಿಮುದ್ರಣ ಹಾಡನ್ನು ಕೇಳಿಸುತ್ತದೆಯೇ ಹೊರತು ವಿದ್ಯಾರ್ಥಿಯ ಗಾಂಧಾರ ಸ್ವರ ಜಾರಿದ್ದನ್ನು ಗುರುತಿಸಿ ತಿದ್ದುವುದಿಲ್ಲವಾದ್ದರಿಂದ, ಸಂಗೀತ ಶಿಕ್ಷಕರನ್ನು ನೇಮಿಸದೆ ಕೇವಲ ಉಪಕರಣಗಳನ್ನು ಒದಗಿಸುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.