ಮಿದುಳಿನ ಎರಡು ಪಾಲು, ನಮ್ಮ ನಾಲಗೆಯ ಹಲವು ನುಡಿ

1909ರ ನವೆಂಬರಿನಲ್ಲಿ, ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಹೊರಟ ‘ಕಿಲ್ಡೋನನ್ ಕ್ಯಾಸಲ್’ ಹಡಗಿನಲ್ಲಿ ಗಾಂಧೀಜಿಯವರು ‘ಹಿಂದ್ ಸ್ವರಾಜ್’ ಗ್ರಂಥವನ್ನು ಗುಜರಾತಿಯಲ್ಲಿ ಬರೆದರು. ಬಲಗೈ ಸೋತಾಗ ಎಡಗೈಯಿಂದ ಬರೆದರು. ಅಂಥ ಪುಟಗಳು ಸುಮಾರು 40. ಕೈ ಬದಲಾಯಿತು, ನುಡಿ ಬದಲಾಗಲಿಲ್ಲ. ಬಲಗೈಯನ್ನು ಆಳುವುದು ಮಿದುಳಿನ ಎಡಪಾಲು, ಎಡಗೈಯನ್ನು ಆಳುವುದು ಬಲಪಾಲು. ಹಾಗಾದರೆ ನುಡಿಯ ನೆಲೆ ಯಾವುದು?

ಇದಕ್ಕೆ ದೃಢವಾದ ಉತ್ತರದ ಸುಳಿವು ದೊರೆತದ್ದು ಪ್ಯಾರಿಸಿನ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ. ಲೆಬೋರ್ನ್ ಎಂಬ ರೋಗಿಗೆ ಪರರ ಮಾತು ತಿಳಿಯುತ್ತಿತ್ತು. ಏನು ಕೇಳಿದರೂ ಆತನ ಉತ್ತರ ಮಾತ್ರ ‘ತಾನ್’. 1861ರಲ್ಲಿ ಆತ ತೀರಿಕೊಂಡ ಮೇಲೆ ವೈದ್ಯರಾದ ಪೌಲ್ ಬ್ರೋಕಾ ಅವರು ಮಿದುಳನ್ನು ಪರೀಕ್ಷಿಸಿದಾಗ, ಎಡಪಾಲಿನ ಮುಂಭಾಗ ಕೆಟ್ಟಿತ್ತು. ಇಂಥ ಇತರ ರೋಗಿಗಳನ್ನೂ ಕಂಡು, 1865ರಲ್ಲಿ ಅವರು ಮಾತಿಗೆ ಎಡಪಾಲೇ ಮುಖ್ಯವೆಂದು ಸಾರಿದರು. 1874ರಲ್ಲಿ ಜರ್ಮನಿಯ ವೆರ್ನಿಕೆ ಅವರು, ಎಡಪಾಲಿನಲ್ಲೇ ಇನ್ನಷ್ಟು ಹಿಂದಿನ ಭಾಗ ಕೆಟ್ಟರೆ ಮಾತು ಸರಾಗವಾಗಿ ಹರಿದರೂ ಅರ್ಥ ತಪ್ಪುವುದೆಂದು ತೋರಿಸಿದರು.

ಬಲಪಾಲು ನಿಷ್ಪ್ರಯೋಜಕವೇ? ಅಲ್ಲ. ಎರಡು ಪಾಲುಗಳನ್ನು ಬೆಸೆಯುವ ನರತಂತುಗಳ ಸೇತುವೆಯನ್ನು ಚಿಕಿತ್ಸೆಗಾಗಿ ಕತ್ತರಿಸಿದ್ದ ರೋಗಿಗಳನ್ನು 1960ರ ದಶಕದಲ್ಲಿ ಅಮೆರಿಕದ ರೋಜರ್ ಸ್ಪೆರಿ ಅವರು ಪರೀಕ್ಷಿಸಿದರು. ಬಲಪಾಲಿಗೆ ಮಾತ್ರ ಕಾಣುವಂತೆ ತೋರಿಸಿದ ವಸ್ತುವಿನ ಹೆಸರು ಅವರ ಬಾಯಿಗೆ ಬರಲಿಲ್ಲ. ಎಡಗೈ ಮಾತ್ರ ಅದನ್ನೇ ಹುಡುಕಿ ತೆಗೆಯಿತು! ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ದನಿಯ ಏರಿಳಿತ, ಹಾಸ್ಯದ ಒಳಾರ್ಥ, ಮುಖಪರಿಚಯಗಳಲ್ಲಿ ಬಲಪಾಲಿನ ನೆರವು ದೊಡ್ಡದು. ‘ಇವನದು ಲೆಕ್ಕದ ಮಿದುಳು, ಅವಳದು ಹಾಡಿನ ಮಿದುಳು’ ಎಂದು ಮಕ್ಕಳನ್ನು ವಿಂಗಡಿಸುವುದಕ್ಕೆ ಆಧಾರವಿಲ್ಲ. ಬ್ಯಾಂಕಿನಲ್ಲಿ ದುಡಿಯುವ ನಮಗೆ ತಿಳಿದ ಮಾತಿದು: ಜಮಾ, ಖರ್ಚು ಎರಡು ಪಕ್ಕಗಳೂ ಕೂಡಿದರೆ ತಾನೆ ಲೆಕ್ಕ ತಾಳೆಯಾಗುವುದು?

ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿದ ನಮಗೆ ಈ ಚರಿತ್ರೆಯಿಂದ ಒಂದು ಪ್ರಯೋಜನವುಂಟು. ನಾವು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಗುಜರಾತಿ, ಕಚೇರಿಯಲ್ಲಿ ಹಿಂದಿ, ಇಂಗ್ಲಿಷು ಆಡುವವರು. ಲಕ್ವ ಹೊಡೆದು ಬಲಗೈ ಬಿದ್ದವರಲ್ಲಿ ಅನೇಕರಿಗೆ ಮಾತೂ ಬೀಳುತ್ತದೆ, ಎರಡಕ್ಕೂ ಎಡಪಾಲೇ ಆಧಾರವಾದ್ದರಿಂದ. ಹಲವು ಭಾಷೆ ಬಲ್ಲವರಲ್ಲಿ ಹೆಚ್ಚು ಬಳಕೆಯ ಭಾಷೆ ಮೊದಲು ಮರಳುವುದುಂಟೆಂದು ಫ್ರಾನ್ಸಿನ ವೈದ್ಯ ಪಿತ್ರ್ ಅವರು 1895ರಲ್ಲೇ ಬರೆದರು. ಎಲ್ಲ ಭಾಷೆಗಳೂ ಒಟ್ಟಿಗೆ ಮರಳುವವರೂ ಬಹಳ ಮಂದಿ. ಕೆಲವರಲ್ಲಿ ಮಾತ್ರ ಒಂದು ಮುಂದು, ಒಂದು ಹಿಂದು. ಗುಜರಾತಿಯಲ್ಲಿ ಕೇಳಿದ್ದಕ್ಕೆ ಉತ್ತರಿಸದ ಅಜ್ಜಿ ಕನ್ನಡದಲ್ಲಿ ಕೇಳಿದರೆ ಉತ್ತರಿಸಿಯಾರು. ಅದಕ್ಕೆಂದೇ ಮಾತಿನ ನಷ್ಟವನ್ನು ಅಳೆಯುವ ಪರೀಕ್ಷೆಗಳನ್ನು ಕನ್ನಡಕ್ಕೂ ಹೊಂದಿಸಿದ್ದಾರೆ.

ಆದ್ದರಿಂದ ಮನೆಯ ಹಿರಿಯರ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅವರು ಯಾವ ಯಾವ ಭಾಷೆ ಬಲ್ಲವರೆಂದು ವೈದ್ಯರಿಗೆ ತಿಳಿಸಬೇಕು. ಹಾಸಿಗೆಯ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಮಾತಾಡಿಸಬೇಕು. ಆ ದಿನಕ್ಕಾಗಿಯಾದರೂ ನಮ್ಮ ಮೊಮ್ಮಕ್ಕಳಿಗೆ ಕನ್ನಡ ಬರುತ್ತಿರಲಿ.